ಮೂವತ್ತೊಂದು ಲಕ್ಷ ಕ್ಷೇಮ

ಲಕ್ಷ್ಮೀ ನಗರ
೨೪ ಆಗಸ್ಟ್ ೨೦೨೫

ಘನ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮೊದಲ ಸಾಲಿನ ಖಾಲಿ ಕುರ್ಚಿಗಳೇ, ಕೊನೆಯ ಸಾಲಿನಲ್ಲಿ ಕಾಫಿ ಬಂತೇ ಎಂದು ಹೊರಳಿ ಹೊರಳಿ ನೋಡುತ್ತಿರುವ ಮಹನೀಯರೇ, ಹಾಗೂ ಮುನಿರ್ಕಾದ ಮೂರನೇ ಮಹಡಿಯಲ್ಲಿ ಮುನಿಸಿಕೊಂಡು ಕುಳಿತಿರುವ ಮಗಳೇ,

ಯಮುನೆಯಾಚೆಯ ನಮ್ಮ ಜಮುನಾಪಾರ ಕನ್ನಡ ಬಳಗದ ಸರ್ವರ್ ಎಂಬ ಪೆಟ್ಟಿಗೆ ಹಾಸಿಗೆ ಹಿಡಿದಿದೆಯೆಂದು ತಿಳಿಸಲು ವಿಷಾದಿಸುತ್ತೇನೆ. ಮೇಲ್ ಹೋಗುತ್ತಿಲ್ಲ, ಬರುತ್ತಿಲ್ಲ. ಸಂಚಿಕೆಗೆ ಬಂದ ಲೇಖನಗಳನ್ನು ಉಳಿಸಲು ಹೋದರೆ ‘ಜಾಗವಿಲ್ಲ’ ಎನ್ನುತ್ತದೆ. ಎಷ್ಟು ಜಾಗವಿದೆ ಎಂದು ಕೇಳಿದರೆ ಐವತ್ತು ಜಿಬಿಯಲ್ಲಿ ಇಪ್ಪತ್ತಾರೇ ತುಂಬಿದೆ ಎಂದು ಅದೇ ಬಾಯಲ್ಲಿ ಹೇಳುತ್ತದೆ.

ತಟ್ಟೆ ಅರ್ಧ ಖಾಲಿ, ಹೊಟ್ಟೆ ತುಂಬಿದೆ ಅನ್ನುತ್ತೆ;
ಕೊಟ್ಟದ್ದು ಮುಟ್ಟದೆ, ನಾನು ಕೆಟ್ಟೆ ಅನ್ನುತ್ತೆ.

ನಿನಗೆ ಗೊತ್ತಿರುವಂತೆ ನಾನು ಕನ್ನಡ ಮಾಧ್ಯಮದ ಬಿ.ಎ., ದೆಹಲಿಯ ಸರ್ಕಾರಿ ಮಂತ್ರಾಲಯದಲ್ಲಿ ಫೈಲು ಸರಿಸುವವನು. ಬಳಗದಲ್ಲಿ ಮಾತ್ರ ‘ಕಂಪ್ಯೂಟರ್ ಗೊತ್ತಿರುವ ದತ್ತಣ್ಣ’. ಗೊತ್ತಿರುವುದೆಷ್ಟು ಎಂಬುದು ಜುಲೈ ಆರರಂದು ಜಗಜ್ಜಾಹೀರಾಯಿತು. ಅವತ್ತೂ ಪೆಟ್ಟಿಗೆ ಇದೇ ರಾಗ ತೆಗೆದಿತ್ತು. ದೊಡ್ಡದೇನಿದೆ ಎಂದು ಹುಡುಕಿದೆ. ಇಂಗ್ಲಿಷಿನ ನಾಲ್ಕೇ ಅಕ್ಷರ, ಎಚ್ ಎ ಎಲ್ ಇ, ಎಂಬ ಹೆಸರಿನ ಫೋಲ್ಡರ್ ಸಿಕ್ಕಿತು. ‘ಹಳೆ’ ಎಂದು ಓದಿಕೊಂಡೆ, ಹಳೆಯದಲ್ಲವೇ ಎಂದು ಅಳಿಸಿದೆ. ಅದು ‘ಹಾಳೆ’. ನಿನ್ನಜ್ಜಿ ನಾನು ಆಫೀಸಿನಿಂದ ತಂದ ಒಂದು ಮಗ್ಗುಲಿನ ಹಾಳೆಗಳ ಹಿಂದೆ ಬರೆದದ್ದು, ನೀನು ರಜೆಯೆಲ್ಲ ಕೂತು ಸ್ಕ್ಯಾನ್ ಮಾಡಿದ್ದು, ಆರುನೂರ ಹನ್ನೆರಡು. ಅಸಲು ಕಾಗದಗಳಿದ್ದ ಪೆಟ್ಟಿಗೆ ಜೂನಿನಲ್ಲೇ ಟ್ಯಾಂಕ್ ಸೋರಿ ನೆಂದು, ಶಾಯಿಯೆಲ್ಲ ಹರಿದುಹೋಗಿತ್ತು.

ಅವತ್ತೇ ನೀನು ಬ್ಯಾಗ್ ಎತ್ತಿಕೊಂಡು ಹೋದೆ. ಅಮ್ಮನ ಫೋನ್ ಎತ್ತುತ್ತೀಯ, ನನ್ನದು ಎತ್ತುವುದಿಲ್ಲ. ಮೇಲ್ ಕೆಟ್ಟಿದೆ. ಹಾಗಾಗಿ ಅಂಚೆ. ಮೆಟ್ರೋದಲ್ಲಿ ಒಂದು ಗಂಟೆಯ ದಾರಿಗೆ ಈ ಕಾಗದ ನಾಲ್ಕು ದಿನ ತೆಗೆದುಕೊಳ್ಳುತ್ತದಂತೆ. ಇರಲಿ, ನನಗೇನೂ ಅವಸರವಿಲ್ಲ. ಕಂಪ್ಯೂಟರ್ ಓದುತ್ತಿರುವ ಮಗಳಿದ್ದೂ ಬೀದಿಯಲ್ಲಿ ವೈದ್ಯರನ್ನು ಹುಡುಕುವುದು ಯಾಕೆ ಎಂದು ಬರೆದಿದ್ದೇನೆ.

ಇತಿ, ಸರ್ವರಿಗೂ ಸಲ್ಲದ ಸರ್ವರ್‌ನ ಸೇವಕ,
ನಿನ್ನಪ್ಪ ದತ್ತಾತ್ರೇಯ


ಮುನಿರ್ಕಾ
1 ಸೆಪ್ಟೆಂಬರ್ 2025

ಅಪ್ಪ,

ಚಿಠ್ಠಿ ಬಂತು. ಮುನಿರ್ಕಾಗೂ ಮುನಿಸಿಗೂ ಪ್ರಾಸ ಹಾಕಿದ್ದೀರಿ. ನನಗೆ ನಗು ಬರಲಿಲ್ಲ. ರೂಮ್‌ಮೇಟ್‌ಗೆ ಓದಿ ಹೇಳಿದೆ, ಅವಳಿಗೆ ಬಂತು, ಅವಳಿಗೆ ಕನ್ನಡ ಬರಲ್ಲ.

ಬರೀತಿರೋದು ಸರ್ವರ್‌ಗೋಸ್ಕರ. ಹೊರಗಿಂದ ಲಾಗಿನ್ ಆಗೋದನ್ನ ನಿಮ್ಮ ಬಳಗದ ಈಶ್ವರಪ್ಪ ಅಂಕಲ್ ಬಂದ್ ಮಾಡಿಸಿದ್ದಾರೆ, ಆದ್ದರಿಂದ ನೀವೇ ಮಾಡಬೇಕು.

ನಿಮ್ಮ ಆಫೀಸಲ್ಲಿ ಬಂದ ಪ್ರತಿ ಕಾಗದಕ್ಕೂ ಡೈರಿ ನಂಬರ್ ಹಾಕ್ತೀರಲ್ಲ. ಅಲ್ಮೇರಾ ಖಾಲಿ ಇದ್ರೂ, ರಿಜಿಸ್ಟರ್‌ನಲ್ಲಿ ನಂಬರ್ ಮುಗಿದುಹೋದ್ರೆ ಹೊಸ ಕಾಗದ ಒಳಗೆ ತಗೊಳ್ಳೋಕೆ ಆಗಲ್ಲ. ಸರ್ವರ್‌ನಲ್ಲೂ ಹಾಗೇ. ಪ್ರತಿ ಫೈಲಿಗೂ ಒಂದು ನಂಬರ್. ಫೈಲ್ ಎಷ್ಟು ದೊಡ್ಡದಿದ್ರೂ ಒಂದೇ, ಒಳಗೆ ಏನೂ ಇಲ್ಲದಿದ್ರೂ ಒಂದೇ. ಆ ನಂಬರಿನ ಹೆಸರು ಐನೋಡ್. ಜಾಗ ನೋಡೋಕೆ ಟೈಪ್ ಮಾಡ್ತೀರಲ್ಲ ಡಿಎಫ್, ಅದರ ಮುಂದೆ ಸ್ವಲ್ಪ ಬಿಟ್ಟು ಹೈಫನ್, ಐ ಹಾಕಿ. ಏನು ಬರುತ್ತೆ ಬರೆಯಿರಿ. ಯಾವ ಫೋಲ್ಡರ್‌ನಲ್ಲಿ ಜಾಸ್ತಿ ಫೈಲ್ ಇದೆ ಅಂತ ಹುಡುಕೋದು ಹಿಂದಿನ ಪುಟದಲ್ಲಿದೆ. ಸೈಜ್ ನೋಡಬೇಡಿ, ಎಣಿಕೆ ನೋಡಿ. ಏನನ್ನೂ ಅಳಿಸಬೇಡಿ.

ಹಾಳೆ. ದೀರ್ಘ ಇದೆ. ಅಜ್ಜಿ ಕಲಿಸಿದ್ದು.

ತನ್ವಿ


ಲಕ್ಷ್ಮೀ ನಗರ
೯ ಸೆಪ್ಟೆಂಬರ್ ೨೦೨೫

ಘನ ಅಧ್ಯಕ್ಷರೇ, ಗಣ್ಯರೇ, ಕುರ್ಚಿಗಳೇ, ಹಾಗೂ ಡಾಕ್ಟರ್ ತನ್ವಿಯವರೇ,

ತಮ್ಮ ಔಷಧಿ ಪ್ರಯೋಗಿಸಲಾಯಿತು. ಐನೋಡ್ ಎಂಬುದನ್ನು ಇಡೀ ಬಳಗ ಈಗ ‘ಐ, ನೋಡು’ ಎಂದು ಕರೆಯುತ್ತಿದೆ. ನೋಡಿದೆ. ನೂರಕ್ಕೆ ನೂರು. ನನ್ನ ಜೀವನದಲ್ಲಿ ಮೊದಲ ಬಾರಿ ನೂರಕ್ಕೆ ನೂರು ಬಂದಿದೆ, ಅದೂ ಫೇಲಾದದ್ದಕ್ಕೆ.

ಅಪರಾಧಿಯೂ ಸಿಕ್ಕ. ನಾನೇ. ಆರು ವರ್ಷದ ಹಿಂದೆ ಪೆಟ್ಟಿಗೆ ಬಂದಾಗ ಈಶ್ವರಪ್ಪನವರು, “ಇದು ಬದುಕಿದೆಯೋ ಇಲ್ಲವೋ ಅಂತ ತಿಳಿಯೋದು ಹ್ಯಾಗ್ರೀ?” ಎಂದಿದ್ದರು. ನಿಮಿಷಕ್ಕೊಮ್ಮೆ ಒಂದು ಫೈಲು ಹುಟ್ಟಿಸುವಂತೆ ಮಾಡಿದೆ. ಹೆಸರು ‘ಕ್ಷೇಮ’, ಮುಂದೆ ತಾರೀಖು, ಗಂಟೆ. ನಮ್ಮ ಕಾಲದ ಕಾಗದಗಳು ‘ಇತ್ತ ನಾವೆಲ್ಲರೂ ಕ್ಷೇಮ’ ಎಂದೇ ಶುರುವಾಗುತ್ತಿದ್ದವು. ಯಂತ್ರಕ್ಕೂ ಅದೇ ಸಂಸ್ಕಾರ ಕಲಿಸಿದೆ. ಆಮೇಲೆ ಮರೆತೆ. ಅದು ಮರೆಯಲಿಲ್ಲ. ಮೂವತ್ತೊಂದು ಲಕ್ಷ ಕ್ಷೇಮ, ತನ್ವಿ.

ಇನ್ನೊಂದು ಲೆಕ್ಕವನ್ನೂ ಹಾಕಿದೆ, ಬೇಡವೆಂದರೂ ಕೈ ಹಾಕಿಸಿತು. ನಿನ್ನ ಆರುನೂರ ಹನ್ನೆರಡು ಹಾಳೆ ಅಳಿಸಿದಾಗ ಖಾಲಿಯಾದದ್ದು ಆರುನೂರ ಹನ್ನೆರಡು ನಂಬರು. ನಿಮಿಷಕ್ಕೊಂದರಂತೆ ಕ್ಷೇಮ ಅದನ್ನೂ ತುಂಬಿತು. ಅಂದರೆ ಅಜ್ಜಿಯ ಬರವಣಿಗೆ ಕೊಟ್ಟು ನಾನು ಕೊಂಡದ್ದು ಹತ್ತು ಗಂಟೆ ಹನ್ನೆರಡು ನಿಮಿಷ. ಅಲ್ಲಿಂದ ಇಲ್ಲಿಗೆ ಅವರಿವರ ಹಳೆ ಸುತ್ತೋಲೆ ಅಳಿಸಿ ದಿನ ದೂಡಿದ್ದೇನೆ.

ಇದಕ್ಕೆ ಪ್ರಾಸ ಹುಡುಕಿದೆ, ಸಿಗಲಿಲ್ಲ.

ಇತಿ, ನಿನ್ನಪ್ಪ ದತ್ತಾತ್ರೇಯ


ಮುನಿರ್ಕಾ
17 ಸೆಪ್ಟೆಂಬರ್ 2025

ಅಪ್ಪ,

ಆ ಕ್ಷೇಮ ಫೈಲ್ ಒಂದನ್ನಾದ್ರೂ ತೆಗೆದು ನೋಡಿದ್ದೀರಾ? ಒಳಗೆ ಏನೂ ಇರಲ್ಲ. ಹೆಸರು ಕ್ಷೇಮ, ಸೈಜ್ ಸೊನ್ನೆ. ಅಪ್ಪ, ನೀವು ಫೋನಲ್ಲಿ ಮಾತಾಡೋದೂ ಹೀಗೇ. “ಊಟ ಆಯ್ತಾ, ಅಚ್ಛಾ, ಅಮ್ಮನಿಗೆ ಕೊಡ್ತೀನಿ.”

ಮೊದಲು ಹೊಸ ಕ್ಷೇಮ ಹುಟ್ಟೋದನ್ನ ನಿಲ್ಲಿಸಿ. ಆಮೇಲೆ ಹಳೆದನ್ನ ಅಳಿಸಿ (ಇದು ಹಳೆ, ದೀರ್ಘ ಇಲ್ಲ). ಒಟ್ಟಿಗೆ ಅಳಿಸು ಅಂದ್ರೆ ‘ಪಟ್ಟಿ ತುಂಬಾ ಉದ್ದ’ ಅಂತ ಒಪ್ಪಲ್ಲ. ಒಂದೊಂದು ತಿಂಗಳಿಂದು ಅಳಿಸೋ ಹಾಗೆ ಹಿಂದೆ ಬರೆದಿದ್ದೀನಿ. ನಿಧಾನ ಆಗುತ್ತೆ.

ಇನ್ನೊಂದು. ಇಪ್ಪತ್ತಾರು ಜಿಬಿ ತುಂಬಿದೆ ಅಂದ್ರಲ್ಲ, ನನಗೆ ಅದು ಜಾಸ್ತಿ ಅನ್ನಿಸ್ತಿದೆ. ಎಲ್ಲಾ ಫೋಲ್ಡರ್ ಕೂಡಿಸಿ ಎಷ್ಟಾಗುತ್ತೆ ನೋಡಿ. ಮತ್ತೆ, ಯಾವ ಪ್ರೋಗ್ರಾಮ್ ಯಾವ ಫೈಲ್ ಹಿಡ್ಕೊಂಡಿದೆ ಅಂತ ತೋರಿಸೋ ಕಮಾಂಡ್ ಕೊನೆಯಲ್ಲಿದೆ. ಅದು ಕೊಡೋ ಸಾಲುಗಳನ್ನ ಹಾಗೇ ನಕಲು ಮಾಡಿ ಕಳಿಸಿ.

ಊಟ ಸರಿಯಾಗಿ ಮಾಡ್ತಿದ್ದೀನಿ. ಕೇಳಿರಲಿಲ್ಲ, ಆದರೂ.

ತನ್ವಿ


ಲಕ್ಷ್ಮೀ ನಗರ
೨೪ ಸೆಪ್ಟೆಂಬರ್ ೨೦೨೫

ಡಾಕ್ಟರೇ,

ಸಭೆಗೆ ಇವತ್ತು ರಜೆ.

ಪೆಟ್ಟಿಗೆ ಎದ್ದು ಕೂತಿದೆ. ಮೇಲ್ ಹೋಗುತ್ತಿದೆ. ನಿನಗೂ ಮೇಲ್ ಹಾಕಬಹುದಿತ್ತು, ಆದರೆ ಕವರು, ಸ್ಟಾಂಪು ಮೊದಲೇ ತಂದಿಟ್ಟಿದ್ದೇನೆ.

ತಿಂಗಳು ತಿಂಗಳಾಗಿ ಕ್ಷೇಮ ಅಳಿಸುವುದು ಸುಲಭದ ಕೆಲಸವೆಂದುಕೊಂಡಿದ್ದೆ. ೨೦೨೧ರ ಏಪ್ರಿಲ್ ಬಂತು. ನಲವತ್ತಮೂರು ಸಾವಿರದ ಇನ್ನೂರು ಕ್ಷೇಮ. ಆ ತಿಂಗಳು ದೆಹಲಿಯಲ್ಲಿ ಕ್ಷೇಮವಾಗಿದ್ದದ್ದು ಅದೊಂದೇ ಪೆಟ್ಟಿಗೆಯಿರಬೇಕು. ಹೋದ ವರ್ಷದ ಫೆಬ್ರವರಿ ಬಂತು. ಅಜ್ಜಿ ಹೋದ ದಿನವೂ ನಿಮಿಷ ತಪ್ಪದೆ ಸಾವಿರದ ನಾನೂರ ನಲವತ್ತು. ಆ ತಿಂಗಳನ್ನು ಎಲ್ಲಕ್ಕಿಂತ ಕೊನೆಗೆ ಅಳಿಸಿದೆ.

ಎಲ್ಲ ಫೋಲ್ಡರ್ ಕೂಡಿಸಿದರೆ ಹನ್ನೆರಡು ಜಿಬಿ. ಪೆಟ್ಟಿಗೆ ಮಾತ್ರ ಇಪ್ಪತ್ತಾರು ಎಂದು ಹಟ ಹಿಡಿದಿದೆ. ನಡುವಿನ ಹದಿನಾಲ್ಕು ಯಾವ ಫೋಲ್ಡರಿನಲ್ಲೂ ಇಲ್ಲ. ನೀನು ಕೇಳಿದ ಸಾಲುಗಳನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿದ್ದೇನೆ. ಕೊನೆಯ ಸಾಲು ವಿಚಿತ್ರವಾಗಿದೆ. ಯಾವುದೋ ಪ್ರೋಗ್ರಾಮು ಯಾವುದೋ ಫೈಲನ್ನು ಹಿಡಿದುಕೊಂಡಿದೆ, ಪಕ್ಕದಲ್ಲೇ ‘ಅಳಿಸಲಾಗಿದೆ’ ಎಂದೂ ಬರೆದಿದೆ.

ಚಿಂತೆಯಿಲ್ಲ. ಬರುವ ಬುಧವಾರ ಆಯುಧ ಪೂಜೆ. ಪ್ರತಿ ವರ್ಷದಂತೆ ಸರ್ವರ್ ಆಫ್ ಮಾಡಿ, ಕುಂಕುಮ ಹಚ್ಚಿ, ಒಂದು ದಿನ ವಿಶ್ರಾಂತಿ ಕೊಡುತ್ತೇವೆ. ನೆಹರೂ ಪ್ಲೇಸಿನ ಕಂಪ್ಯೂಟರ್ ರಿಪೇರಿ ಭಯ್ಯಾ ಕೂಡ ಹೇಳಿದ, “ಬಂದ್ ಕರ್ಕೇ ಚಾಲೂ ಕರೋ, ಸಬ್ ಸಾಫ್.” ಆಫ್ ಮಾಡಿ ಆನ್ ಮಾಡಿದರೆ ಹದಿನಾಲ್ಕೂ ತಾನಾಗಿ ಹೋಗುತ್ತದಂತೆ.

ಊಟ ಏನು ಮಾಡಿದೆ? ಕೇಳುತ್ತಿದ್ದೇನೆ.

ಇತಿ, ನಿನ್ನಪ್ಪ


ಲಕ್ಷ್ಮೀ ನಗರ
೨ ಅಕ್ಟೋಬರ್ ೨೦೨೫

ಘನ ಅಧ್ಯಕ್ಷರೇ, ಗಣ್ಯರೇ, ಇಂದು ಎಲ್ಲ ಕುರ್ಚಿಗಳೂ ಭರ್ತಿ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಎಂಬತ್ತಾರು ದಿನಗಳ ನಂತರ, ನನ್ನ ಫೋನಿನಲ್ಲಿ ನಿನ್ನ ಹೆಸರು ಬಂತು. “ಅಪ್ಪ, ಆಫ್ ಮಾಡ್ಬೇಡ. ಅಜ್ಜಿ ಹಾಳೆ ಅದರಲ್ಲೇ ಇದೆ. ಚಿಠ್ಠಿ ಬರೀತೀನಿ.” ಕಟ್. ಹನ್ನೊಂದು ಸೆಕೆಂಡು. ನನಗೆ ಹಾಳೆಯ ವಿಷಯ ತಲೆಗೆ ಹೋಗಿದ್ದು ಆಮೇಲೆ. ಮೊದಲು ಹೋದದ್ದು ‘ಮಾಡ್ಬೇಡ’. ಸೆಪ್ಟೆಂಬರ್ ಪೂರ್ತಿ ನಾನು ‘ನೀವು’ ಆಗಿದ್ದೆ. ಸರ್ಕಾರ ಕೊಟ್ಟ ಯಾವ ಬಡ್ತಿಗೂ ಇಷ್ಟು ಹಿಗ್ಗಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಈಶ್ವರಪ್ಪನವರು ಕುಂಕುಮದ ಬಟ್ಟಲು ಹಿಡಿದು ಬಂದರು.

“ಏಳ್ರೀ ದತ್ತಾತ್ರೇಯ, ಆಫ್ ಮಾಡಬೇಕು.”

“ಈ ಸಲ ಹಾಗೇ ಇರಲಿ ಸಾರ್.”

“ಆಯುಧಕ್ಕೆ ಇವತ್ತೊಂದು ದಿನ ರಜಾ ಕೊಡಬೇಕ್ರೀ. ನಮ್ಮನೇಲಿ ಕತ್ತರೀನೂ ಮುಟ್ಟಲ್ಲ.”

“ಫ್ರಿಜ್ ಆಫ್ ಮಾಡಿದ್ರಾ ಸಾರ್?”

ಅವರು ಹೆಂಡತಿಯ ಮುಖ ನೋಡಿದರು. ಚಂದ್ರಪ್ರಭಮ್ಮ ಹೂ ಕಟ್ಟುತ್ತಲೇ, “ಫ್ರಿಜ್ಜಿಗೂ ಕುಂಕುಮ ಇಟ್ಟೆ. ಹಾಲು ಕೆಡುತ್ತೆ ಅಂತ ಆಫ್ ಮಾಡಲಿಲ್ಲ” ಎಂದರು.

“ಇದರಲ್ಲೇನು ಹಾಲಿದೆಯೇನ್ರೀ?”

“ನಮ್ಮಮ್ಮನ ಬರವಣಿಗೆ ಇದೆ ಸಾರ್. ಆಫ್ ಮಾಡಿದರೆ ಹೋಗಿಬಿಡುತ್ತಂತೆ. ತನ್ವಿ ಹೇಳಿದಾಳೆ.”

ಅವರು ಬಟ್ಟಲು ಕೆಳಗಿಟ್ಟರು. “ಗಿರಿಜಮ್ಮನವರದಾ? ಮೊದಲೇ ಬೊಗಳಬಾರದೇನ್ರೀ” ಎಂದವರೇ, ಓಡುತ್ತಿದ್ದ ಪೆಟ್ಟಿಗೆಗೇ ಕುಂಕುಮ ಹಚ್ಚಿ, ಹೂವು ಏರಿಸಿ, ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಕನ್ನಡದಲ್ಲೂ ಹಿಂದಿಯಲ್ಲೂ ‘ಮುಟ್ಟಬೇಡಿ’ ಎಂದು ತಮ್ಮ ಕೈಯಾರೆ ಬರೆದರು. ನಿವೃತ್ತ ಉಪಕಾರ್ಯದರ್ಶಿಗಳ ಸಹಿಯೂ ಇದೆ.

ಪೂಜೆಯಾಯಿತು, ಪೆಟ್ಟಿಗೆ ನಿಲ್ಲಲಿಲ್ಲ;
ಮಾತೊಂದು ಬಂತು, ಮತ್ತೇನೂ ಬೇಕಿಲ್ಲ.

ನಿನ್ನ ಚಿಠ್ಠಿಗೆ ಕಾಯುತ್ತಿದ್ದೇನೆ.

ಇತಿ, ಸ್ವಿಚ್ಚಿನ ಕಾವಲುಗಾರ,
ನಿನ್ನಪ್ಪ


ಮುನಿರ್ಕಾ
7 ಅಕ್ಟೋಬರ್ 2025

ಅಪ್ಪ,

ಈ ಸಲ ರೂಮ್‌ಮೇಟ್‌ಗೆ ಓದಿ ಹೇಳಲಿಲ್ಲ. ನಾನೇ ನಕ್ಕೆ.

ಕೇಳು. ಫೈಲ್ ಅಳಿಸೋದು ಅಂದ್ರೆ ಪಟ್ಟಿಯಿಂದ ಹೆಸರು ಹೊಡೆದುಹಾಕೋದು ಅಷ್ಟೇ. ಆ ಹೊತ್ತಿಗೆ ಯಾವುದಾದ್ರೂ ಪ್ರೋಗ್ರಾಮ್ ಅದನ್ನ ಹಿಡ್ಕೊಂಡಿದ್ರೆ, ಅದು ಕೈ ಬಿಡೋವರೆಗೂ ಫೈಲ್ ಎಲ್ಲೂ ಹೋಗಲ್ಲ. ಹೆಸರಿರಲ್ಲ, ಅದಕ್ಕೇ ನೀನು ಕೂಡಿಸಿದಾಗ ಲೆಕ್ಕಕ್ಕೆ ಸಿಗಲಿಲ್ಲ. ಜಾಗ ಮಾತ್ರ ಹಿಡಿದಿರುತ್ತೆ.

ಜುಲೈ ಐದಕ್ಕೆ ನಾನು ಎಲ್ಲಾ ಹಾಳೆ ಸೇರಿಸಿ ಒಂದೇ ದೊಡ್ಡ ಫೈಲಿನ ಕಟ್ಟು ಮಾಡಿ ಅದೇ ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಅದನ್ನ ನನ್ನ ಲ್ಯಾಪ್‌ಟಾಪ್‌ಗೆ ಕಳಿಸೋ ಪ್ರೋಗ್ರಾಮ್ ಹಾಕಿ ಬಂದಿದ್ದೆ. ನೆಟ್ ಹೋಗಿ ಅದು ಅರ್ಧಕ್ಕೇ ನಿಂತುಬಿಡ್ತು. ಮಾರನೇ ದಿನ ನೀನು ಫೋಲ್ಡರ್ ಅಳಿಸಿದೆ. ಆ ಪೆದ್ದು ಪ್ರೋಗ್ರಾಮ್ ಮೂರು ತಿಂಗಳಿಂದ ಕಟ್ಟು ಹಿಡ್ಕೊಂಡು ಕಾಯ್ತಾ ಕೂತಿದೆ. ನಿನ್ನ ಕೊನೆಯ ಸಾಲು ಅದೇ. ಹದಿನಾಲ್ಕು ಜಿಬಿ.

ಹಿಂದಿನ ಪುಟದಲ್ಲಿರೋದನ್ನ ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡು. ಅದರ ಕೈಯಲ್ಲಿರೋದನ್ನೇ ಬೇರೆ ಹೆಸರಲ್ಲಿ ನಕಲು ಮಾಡುತ್ತೆ. ನಕಲು ಆದಮೇಲೆ ಪೆನ್‌ಡ್ರೈವ್‌ಗೆ ಹಾಕು. ಆಮೇಲೇ ಆ ಪ್ರೋಗ್ರಾಮ್ ನಿಲ್ಲಿಸು, ಮುಂಚೆ ಬೇಡ. ಹೊಸ ಹೆಸರಲ್ಲಿ ಎ ಎರಡು ಸಲ ಹಾಕು. ದೀರ್ಘ.

ಮೊದಲು ಚಾ ಕುಡಿದು ಕೂತ್ಕೋ. ನಾನೇ ಇದನ್ನ ಎರಡು ಸಲ ಹರಿದು ಮತ್ತೆ ಬರೆದೆ.

ತನ್ವಿ


ಲಕ್ಷ್ಮೀ ನಗರ
೧೫ ಅಕ್ಟೋಬರ್ ೨೦೨೫

ತನ್ವಿ,

ಎರಡು ಲೋಟ ಚಾ. ಮೂರು ಸಲ ತಿದ್ದಿ ಟೈಪು. ಆರು ನಿಮಿಷದಲ್ಲಿ ಹದಿನಾಲ್ಕು ಜಿಬಿ ಈಚೆ ಬಂತು. ಪ್ರೋಗ್ರಾಮನ್ನು ನಿಲ್ಲಿಸುವ ಮುಂಚೆ ಥ್ಯಾಂಕ್ಸ್ ಹೇಳಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಇಪ್ಪತ್ತಾರೂ ಹನ್ನೆರಡೂ ಜಗಳ ಮುಗಿಸಿವೆ.

ಪೆನ್‌ಡ್ರೈವನ್ನು ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ಅಮ್ಮ ಶನಿವಾರ ಮೆಟ್ರೋದಲ್ಲಿ ತರುತ್ತಾಳೆ, ಕೋಡುಬಳೆ ಡಬ್ಬಿಯಲ್ಲಿ. ನಾನೂ ಬರಬಹುದಿತ್ತು. ಬಳಗದ ಕೆಲಸ ಸ್ವಲ್ಪ ಇದೆ.

ಎಲ್ಲ ಸರಿಯಿದೆಯಾ ಎಂದು ಎಣಿಸಿ ನೋಡು ಸಾಕು. ಓದಲು ಅವಸರಪಡಬೇಡ. ಅಜ್ಜಿಯ ಅಕ್ಷರ ಗಜಿಬಿಜಿ, ಕಣ್ಣು ನೋಯುತ್ತೆ. ಪರೀಕ್ಷೆಯೂ ಹತ್ತಿರ ಬಂತು.

ಇತಿ, ನಿನ್ನಪ್ಪ


ಮುನಿರ್ಕಾ
24 ಅಕ್ಟೋಬರ್ 2025

ಅಪ್ಪ,

ಆರುನೂರ ಹನ್ನೆರಡೂ ಇದೆ. ಒಂದೂ ಕೆಟ್ಟಿಲ್ಲ. ಎಣಿಸಿದೆ, ಮತ್ತೆ ಎಣಿಸಿದೆ. ಅಮ್ಮ ಅತ್ತಳು, ನಾನು ಕೋಡುಬಳೆ ಎಲ್ಲಾ ತಿಂದೆ.

ಸಾರಿ ಅಪ್ಪ. ನಾಲ್ಕು ತಿಂಗಳು ಮಾತಾಡದೆ ಇದ್ದುಬಿಟ್ಟೆ. ನೀನು ಬೇಕಂತ ಮಾಡಲಿಲ್ಲ. ಕನ್ನಡದ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ದೀರ್ಘ ನುಂಗಿದ್ದು ನಾನು. ಹಳೆ ಅಂತ ಓದಿದ್ದು ನಿನ್ನ ತಪ್ಪಲ್ಲ, ಹೆಸರಿಟ್ಟಿದ್ದೇ ತಪ್ಪು. ಇದನ್ನ ಮೊದಲೇ ಬರೀಬೇಕಿತ್ತು.

ಇನ್ನೂ ಯಾವ ಹಾಳೆನೂ ಓದಿಲ್ಲ. ಸ್ಕ್ಯಾನ್ ಮಾಡುವಾಗಲೂ ಓದಿರಲಿಲ್ಲ, ಅಜ್ಜಿಯ ಕೂಡಿಸಿ ಬರೆದ ಅಕ್ಷರ ನನಗೆ ಸಾಲಿಗೆ ಐದು ನಿಮಿಷ ಬೇಕು. ನವೆಂಬರ್ ಎರಡು, ಭಾನುವಾರ, ಮನೆಗೆ ಬರ್ತೀನಿ. ನೀನು ಜೋರಾಗಿ ಓದು, ಪ್ರಾಸ ಹಾಕಿದ್ರೂ ಪರವಾಗಿಲ್ಲ. ನಾನು ಕೇಳಿಸ್ಕೋತೀನಿ. ಒಂದನೇ ಹಾಳೆಯಿಂದ.

ಚಲೋ, ಬದನೆಕಾಯಿ ಎಣ್ಣೆಗಾಯಿ ಮಾಡೋಕೆ ಅಮ್ಮನಿಗೆ ಹೇಳು.

ನಿನ್ನ ತನ್ವಿ


ಲಕ್ಷ್ಮೀ ನಗರ
೨೯ ಅಕ್ಟೋಬರ್ ೨೦೨೫

ಘನ ಅಧ್ಯಕ್ಷರೇ, ವೇದಿಕೆಯ ಮೇಲಿರುವ

ಇಲ್ಲ.

ತನ್ವಿ, ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಭಾನುವಾರಕ್ಕೆ ಮುಂಚೆ ನಿನಗೆ ಸಿಗಬೇಕು.

ಒಂದನೇ ಹಾಳೆಯಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ. ಒಂದು ದಿನಕ್ಕೆ ಒಂದೆರಡು ಸಾಲು. ‘ಇವತ್ತು ಬದನೆಕಾಯಿ ಮಾಡಿದೆ. ತನ್ವಿಗೆ ಒತ್ತಕ್ಷರ ಹೇಳಿಕೊಟ್ಟೆ. ದತ್ತು ಮಾತಾಡಲಿಲ್ಲ.’ ಮಾರನೇ ದಿನ, ‘ದತ್ತು ಮಾತಾಡಲಿಲ್ಲ. ಸುಸ್ತಾಗಿತ್ತು ಪಾಪ.’ ಅದರ ಮಾರನೇ ದಿನ, ‘ದತ್ತು ಬರೆಯೋಕೆ ಹಾಳೆ ತಂದುಕೊಟ್ಟ. ಮಾತಾಡಲಿಲ್ಲ.’ ಎರಡನೇ ಹಾಳೆಯಲ್ಲೂ ಇದೆ. ಮೂರರಲ್ಲೂ. ಬಳಗದಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆ ಬಿತ್ತು ಎಂದು ಯಾರೋ ಬಂದು ಹೇಳಿದರಂತೆ, ಅದನ್ನೂ ಬರೆದಿದ್ದಾಳೆ. ‘ಒಂದು ದಿನ ನಾನೂ ಹೋಗಿ ಕೂತು ಕೇಳಬೇಕು’ ಎಂದಿದೆ. ಹತ್ತು ಹೆಜ್ಜೆ ಆಚೆ ಕೋಣೆಯಲ್ಲಿದ್ದಳು.

ಜುಲೈ ಆರರಂದು ಜಾಗ ಹುಡುಕುತ್ತಿದ್ದಾಗ ಆ ಫೋಲ್ಡರ್ ತೆರೆದೆ. ನಲವತ್ತು ನಿಮಿಷ ಓದಿದೆ. ಆಮೇಲೆ ಅಳಿಸಿದೆ. ಜಾಗಕ್ಕಾಗಿ ಅಳಿಸಲಿಲ್ಲ. ನೀನು ಓದಬಾರದು ಎಂದು ಅಳಿಸಿದೆ. ನಿನ್ನ ಮುಖ ನೋಡಿದ ಮೇಲೆ ‘ಹಳೆ’ ಎಂದು ಓದಿಕೊಂಡೆ ಅಂದೆ. ಅದೊಂದೇ ಸುಳ್ಳನ್ನು ನಾಲ್ಕು ತಿಂಗಳು ತಿರುಗಿಸಿ ತಿರುಗಿಸಿ ನಗೆಚಾಟಿಕೆ ಮಾಡಿದೆ. ಈಗ ನೀನು ತಪ್ಪು ನಿನ್ನದು ಎಂದು ಬರೆದಿದ್ದೀಯ.

ಇದನ್ನು ಓದಿಯೂ ಬರುವ ಮನಸ್ಸಾದರೆ ಭಾನುವಾರ ಬಾ. ಎಣ್ಣೆಗಾಯಿಗೆ ಹೇಳಿದ್ದೇನೆ. ಒಂದನೇ ಹಾಳೆಯಿಂದ ನಾನೇ ಜೋರಾಗಿ ಓದುತ್ತೇನೆ, ಒಂದು ಸಾಲೂ ಹಾರಿಸುವುದಿಲ್ಲ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು, ತನ್ವಿ. ದೀರ್ಘ ಇದೆ ಅಂತ ನನಗೆ ಅವತ್ತೇ ಗೊತ್ತಿತ್ತು.

ಅಪ್ಪ